ಬೇಸಿಗೆಯ ಗುಡುಗು ಮಳೆ: 125ರ ಲೆಕ್ಕ, ಮುಚ್ಚಳದ ತಕರಾರು

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೂರು ಬೇಕು: ಕೆಳಗೆ ತೇವ, ಮೇಲೆ ತಣ್ಣನೆಯ ಗಾಳಿ, ಕೆಳಗಿನ ಗಾಳಿಯನ್ನು ಎತ್ತಲು ಒಂದು ಕಾರಣ. ನಮ್ಮ ಕಡೆ, ಅಂದರೆ ಮಲೆನಾಡು ಮತ್ತು ಕರಾವಳಿಯಲ್ಲಿ, ತೇವ ಹೆಚ್ಚಾಗಿ ಅರಬ್ಬೀ ಸಮುದ್ರದ್ದು. ಎತ್ತುವುದು ಘಟ್ಟ ಮತ್ತು ಮಧ್ಯಾಹ್ನದ ಬಿಸಿಲು. ಇಷ್ಟು ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

ಮೋಡದ ತಳ ಎಷ್ಟು ಎತ್ತರ?

ಗುಡುಗು ಮಳೆಯ ವಿಷಯದಲ್ಲಿ ನನಗೆ ಇಷ್ಟವಾದ ಲೆಕ್ಕ ಇದು. ಉಷ್ಣಾಂಶದಲ್ಲಿ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯಲ್ಲಿರುವ ಆವಿ ನೀರಾಗತೊಡಗುವ ಉಷ್ಣಾಂಶವನ್ನು, ಕಳೆಯಿರಿ. ಉಳಿದದ್ದನ್ನು 125ರಿಂದ ಗುಣಿಸಿ. ಮೋಡದ ತಳ ನೆಲದಿಂದ ಸುಮಾರು ಎಷ್ಟು ಮೀಟರ್ ಮೇಲಿರುತ್ತದೆ ಅಂತ ಸಿಗುತ್ತದೆ.

ಈ 125 ಎಲ್ಲಿಂದ ಬಂತು? ತಲೆ ಕೆಡುವುದು ಇಲ್ಲೇ. ಇನ್ನೂ ಮೋಡವಾಗದ ಗಾಳಿ ಮೇಲೇರುವಾಗ ಕಿಲೋಮೀಟರಿಗೆ 9.8 ಡಿಗ್ರಿ ತಣ್ಣಗಾಗುತ್ತದೆ. ಹಾಗಾದರೆ 10 ಡಿಗ್ರಿ ಅಂತರ ಮುಗಿಯಲು ಒಂದು ಕಿಲೋಮೀಟರ್ ಸಾಕಲ್ವಾ? ಸಾಲದು. ಮೇಲೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಅದರೊಳಗಿನ ಆವಿಯೂ ತೆಳುವಾಗುತ್ತದೆ. ಹಾಗಾಗಿ ಇಬ್ಬನಿ ಬಿಂದುವೂ ಸುಮ್ನೆ ನಿಲ್ಲುವುದಿಲ್ಲ, ಕಿಲೋಮೀಟರಿಗೆ ಸುಮಾರು 1.8 ಡಿಗ್ರಿ ಇಳಿಯುತ್ತದೆ. ಉಷ್ಣಾಂಶ ಬೆನ್ನಟ್ಟುತ್ತಿದೆ, ಇಬ್ಬನಿ ಬಿಂದು ನಿಧಾನವಾಗಿ ಓಡುತ್ತಿದೆ. ಅಂತರ ಕರಗುವುದು ಕಿಲೋಮೀಟರಿಗೆ 8 ಡಿಗ್ರಿ ಮಾತ್ರ. ಒಂದು ಡಿಗ್ರಿ ಕರಗಲು 1000 ಭಾಗ 8, ಅಂದರೆ 125 ಮೀಟರ್.

ಶಿವಮೊಗ್ಗದಲ್ಲಿ ಮಧ್ಯಾಹ್ನ 36 ಡಿಗ್ರಿ, ಇಬ್ಬನಿ ಬಿಂದು 22 ಅಂತಿಟ್ಟುಕೊಳ್ಳಿ. 14 × 125 = 1750 ಮೀಟರ್. ಊರೇ ಸುಮಾರು 570 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಸಮುದ್ರ ಮಟ್ಟದಿಂದ ಸುಮಾರು 2300. ಅದೇ ಹೊತ್ತಿಗೆ ಕುಂದಾಪುರದಲ್ಲಿ 33 ಮತ್ತು 25 ಇದ್ದರೆ ಬರೀ 1000 ಮೀಟರ್. ಕೊಡಚಾದ್ರಿಯ ಎತ್ತರ 1343. ಅಂದರೆ ಕರಾವಳಿಯ ಗಾಳಿ ಘಟ್ಟ ಹತ್ತುತ್ತಾ ತುದಿ ಮುಟ್ಟುವ ಮೊದಲೇ ಮೋಡವಾಗುತ್ತದೆ. ಶಿವಮೊಗ್ಗದ ಗಾಳಿ ಇನ್ನೂ ಒಂದೂಮುಕ್ಕಾಲು ಕಿಲೋಮೀಟರ್ ಏರಬೇಕು.

ಶೇಕಡಾ ತೇವಾಂಶವನ್ನು ಈ ಲೆಕ್ಕಕ್ಕೆ ತರಬೇಡಿ. ಅದು ಬಿಸಿಲು ಏರಿದಂತೆ ತಾನೇ ಇಳಿಯುತ್ತದೆ.

ಮುಚ್ಚಳ

ಮೋಡದ ತಳ ಗೊತ್ತಾದರೆ ಮಳೆ ಗೊತ್ತಾದಂತಲ್ಲ. ಕೇಪ್ (CAPE) ಅನ್ನುವ ಸಂಖ್ಯೆ ಗಾಳಿಗೆ ಮೇಲೆ ನುಗ್ಗಲು ಎಷ್ಟು ಶಕ್ತಿ ಸಿಗಬಹುದು ಅಂತ ಹೇಳುತ್ತದೆ. ಕೇಪ್ ಜಾಸ್ತಿ ಇದ್ದೂ ಆಕಾಶ ಖಾಲಿ ಇರಬಹುದು. ಯಾಕೆಂದರೆ ನಡುವೆ ಬಿಸಿ ಗಾಳಿಯ ಪದರವೊಂದು ಮುಚ್ಚಳದಂತೆ ಕೂತಿರುತ್ತದೆ. ಕೆಳಗಿನಿಂದ ಬಂದ ಗಾಳಿ ಅಲ್ಲಿ ಸುತ್ತಲಿಗಿಂತ ತಣ್ಣಗಿರುತ್ತದೆ, ವಾಪಸ್ ಇಳಿಯುತ್ತದೆ. ಮುಚ್ಚಳದ ಬಲವನ್ನು ಹೇಳುವ ಸಂಖ್ಯೆ ಸಿನ್ (CIN). ಎರಡನ್ನೂ ಒಟ್ಟಿಗೇ ಓದಬೇಕು. ಬೆಳಗ್ಗೆ 5.30ಕ್ಕೆ ಉಪಕರಣ ಕಟ್ಟಿ ಹಾರಿಸುವ ಹವಾಮಾನ ಬಲೂನಿನ ಮಾಪನದಲ್ಲಿ ಇವು ಸಿಗುತ್ತವೆ. ನಾವು ನೋಡಬೇಕಾದದ್ದು ಮಂಗಳೂರು ಮತ್ತು ಬೆಂಗಳೂರಿನದ್ದು. ಎರಡರ ನಡುವೆ ಮಲೆನಾಡನ್ನು ಅಂದಾಜು ಮಾಡುವುದು ನಮ್ಮ ಪಾಡು.

ಮುಚ್ಚಳ ಸಂಜೆ ತಡವಾಗಿ ಒಡೆದರೆ ಹೆಚ್ಚು ಭಯ. ದಿನವಿಡೀ ಕೂಡಿಟ್ಟ ಶಕ್ತಿ ಒಮ್ಮೆಗೇ ಹೊರಡುತ್ತದೆ. ಬಿರುಗಾಳಿ, ಆಲಿಕಲ್ಲು, ಬಾಳೆ ತೋಟ ಮಲಗುವುದು ಇಂಥ ದಿನಗಳಲ್ಲೇ.

ಉಳಿದದ್ದು ಚುಟುಕಾಗಿ

ಮುಂಗಾರಿನ ಮಳೆ ಪಡುವಣದಿಂದ ಬರುತ್ತದೆ. ಬೇಸಿಗೆಯ ಗುಡುಗು ಮೋಡ ಎಷ್ಟೋ ಸಲ ಮೂಡಣದಿಂದ ಬರುತ್ತದೆ, ಮೇಲಿನ ಗಾಳಿ ಅದನ್ನು ಘಟ್ಟದ ಕಡೆಗೆ ತಳ್ಳುತ್ತದೆ. ಹಪ್ಪಳ ಒಣಗಿಸುವವರು ಆ ಕಡೆಗೂ ಕಣ್ಣಿಡಿ. ಮಧ್ಯಾಹ್ನದ ಮೇಲೆ ಹವಾಮಾನ ಇಲಾಖೆಯ ಮೂರು ಗಂಟೆಯ ಮುನ್ಸೂಚನೆ ಮತ್ತು ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಸಾಕು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಆದರೆ ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಅಂತಲೇ ಅರ್ಥ. ಲೆಕ್ಕವನ್ನು ಮನೆಯೊಳಗೆ ಕೂತು ಮಾಡಿ.