ಅಂಟಿಗಾಗಿ ಒರಟು: ತಗಡಿಗೆ ಅಚ್ಚೊತ್ತುವ ಕೆಲಸ ಪ್ರೆಸ್‌ಗೆ ಬಂದ ಬಗೆ

ಲೋಹಕ್ಕೆ ಲೋಹ ಅಂಟಿಸುವ ಮೊದಲು ಮೈ ಒರಟು ಮಾಡಿಕೊಳ್ಳಬೇಕು ಎಂಬುದು ಮರಳು ಕಾಗದ ಹಿಡಿದವರಿಗೆಲ್ಲ ಗೊತ್ತು. ಆ ಒರಟನ್ನು ಬೇರೆ ಕೆಲಸವಾಗಿ ಮಾಡದೆ, ತಗಡು ಪ್ರೆಸ್ ಯಂತ್ರದ ಡೈಯೊಳಗೆ (ತಗಡಿಗೆ ಆಕಾರ ಕೊಡುವ ಉಕ್ಕಿನ ಅಚ್ಚು) ಆಕಾರ ಪಡೆಯುವಾಗಲೇ ಒತ್ತಿಬಿಟ್ಟರೆ ಒಂದು ಹಂತ ಉಳಿಯುತ್ತದೆ. ಯೋಚನೆ ಸರಳ. ಆದರೆ ಒರಟು ಅಂಟಿಗೆ ನಿಜಕ್ಕೂ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದು ತಿಳಿಯದೆ ಡೈ ಕೆತ್ತಿಸಿದರೆ, ಜೋಡಣೆ ಒಣ ಪರೀಕ್ಷೆಯಲ್ಲಿ ಗೆದ್ದು ತೇವದಲ್ಲಿ ಸೋಲುತ್ತದೆ.

1925ರಲ್ಲಿ ಸಂಶೋಧಕರಾದ ಮೆಕ್‌ಬೇನ್ ಮತ್ತು ಹಾಪ್ಕಿನ್ಸ್ ಅಂಟುವಿಕೆಯನ್ನು ಎರಡು ಬಗೆಯಾಗಿ ವಿಂಗಡಿಸಿದರು. ರಂಧ್ರಗಳಿರುವ ಮೈಯಲ್ಲಿ ಅಂಟು ಒಳಹೊಕ್ಕು ಗಟ್ಟಿಯಾಗಿ ಕಚ್ಚಿಕೊಳ್ಳುವುದು ಒಂದು. ನುಣುಪಾದ ಮೈಯಲ್ಲಿ ಅಣುಗಳ ಸೆಳೆತದಿಂದಲೇ ಹಿಡಿಯುವುದು ಇನ್ನೊಂದು. ಗಾಜು, ಲೋಹಗಳು ಎರಡನೆಯ ಗುಂಪಿಗೆ ಸೇರಿದವು. 1936ರಲ್ಲಿ ವೆಂಜೆಲ್ ಇದಕ್ಕೊಂದು ಲೆಕ್ಕ ಕೊಟ್ಟರು: ದ್ರವ ಹರಡಿಕೊಳ್ಳುವ ಸ್ವಭಾವದ ಮೈಯನ್ನು ಒರಟು ಮಾಡಿದರೆ ಅದು ಇನ್ನಷ್ಟು ಹರಡುತ್ತದೆ, ಹರಡದ ಮೈಯಾದರೆ ಇನ್ನಷ್ಟು ದೂರ ತಳ್ಳುತ್ತದೆ. ಅಂದರೆ ಒರಟು ಇರುವ ಗುಣವನ್ನು ಹಿಗ್ಗಿಸುತ್ತದೆಯೇ ಹೊರತು ಹೊಸ ಗುಣ ತರುವುದಿಲ್ಲ. ಹಿಗ್ಗುವುದೂ ಎಷ್ಟು? 45 ಡಿಗ್ರಿ ಇಳಿಜಾರಿನ ಗೆರೆಗಳನ್ನು ಒತ್ತೊತ್ತಾಗಿ ಕೆತ್ತಿದರೆ ವಿಸ್ತೀರ್ಣ 1.41 ಪಟ್ಟು. 30 ಡಿಗ್ರಿಯಾದರೆ ಬರೀ 1.15 ಪಟ್ಟು. ಆಳ ಎಷ್ಟಿದ್ದರೂ ಈ ಅಂಕಿ ಬದಲಾಗದು. ಇಳಿಜಾರು ಮಾತ್ರ ಲೆಕ್ಕಕ್ಕೆ.

ಲೋಹದ ಅಂಟು ಕಾರ್ಖಾನೆಗೆ ಬಂದದ್ದು ವಿಮಾನದ ಬಾಗಿಲಿನಿಂದ. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಅವರ ಏರೋ ರಿಸರ್ಚ್ ಸಂಸ್ಥೆ 1940ರ ದಶಕದ ಆರಂಭದಲ್ಲಿ ರೆಡಕ್ಸ್ ಎಂಬ ಅಂಟು ತಂದಿತು. ಫಿನಾಲಿಕ್ ದ್ರವ ಹಚ್ಚಿ, ಮೇಲೆ ಪಾಲಿವಿನೈಲ್ ಫಾರ್ಮಲ್ ಪುಡಿ ಉದುರಿಸಿ, ಶಾಖ ಮತ್ತು ಒತ್ತಡದಲ್ಲಿ ಬೇಯಿಸುವ ಪದ್ಧತಿ ಅದು. 1944ರಲ್ಲಿ ಹಾರಿದ ಡಿ ಹ್ಯಾವಿಲ್ಯಾಂಡ್ ಹಾರ್ನೆಟ್ ವಿಮಾನದಲ್ಲಿ ಮರಕ್ಕೂ ಅಲ್ಯೂಮಿನಿಯಂಗೂ ಬೆಸುಗೆಯಾದದ್ದು ಇದೇ.

ಮುಂದಿನ ಮೂರು ದಶಕ ಮೈ ತಯಾರಿಯ ಕೆಲಸವೆಲ್ಲ ಆಮ್ಲದ ತೊಟ್ಟಿಯಲ್ಲಿ ನಡೆಯಿತು. ಮೊದಲು ಗಂಧಕಾಮ್ಲ ಮತ್ತು ಸೋಡಿಯಂ ಡೈಕ್ರೋಮೇಟ್ ಬೆರೆಸಿದ ಬಿಸಿ ದ್ರಾವಣ. ಆಮೇಲೆ ಬೋಯಿಂಗ್ ಬೆಳೆಸಿದ ಫಾಸ್ಫಾರಿಕ್ ಆಮ್ಲದ ಆನೊಡೈಸಿಂಗ್ (ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಆಕ್ಸೈಡ್ ಪದರ ಬೆಳೆಸುವುದು): ಶೇ. 10ರ ಆಸುಪಾಸಿನ ಆಮ್ಲ, 10 ವೋಲ್ಟ್, 20ರಿಂದ 25 ನಿಮಿಷ. ಇದರಲ್ಲಿ ಹುಟ್ಟುವ ಆಕ್ಸೈಡ್ ಪದರ ಸುಮಾರು 0.4 ಮೈಕ್ರಾನ್ ದಪ್ಪ, ಅದರ ರಂಧ್ರಗಳು 40 ನ್ಯಾನೋಮೀಟರ್ ಅಗಲದವು. ಇದೂ ಒರಟೇ. ಆದರೆ ಪ್ರೆಸ್‌ನಲ್ಲಿ ಒತ್ತುವ ಗೆರೆಗಿಂತ ಸಾವಿರಾರು ಪಟ್ಟು ಸಣ್ಣದು, ಜೊತೆಗೆ ನೀರಿಗೆ ಬೇಗ ಜಗ್ಗದ ರಾಸಾಯನಿಕ ಗುಣವುಳ್ಳದ್ದು. ಈ ಎರಡನೆಯ ಮಾತೇ ಮುಖ್ಯ. ಸರಿಯಾಗಿ ತಯಾರಾಗದ ಅಲ್ಯೂಮಿನಿಯಂ ಮೈಗೆ ತೇವ ತಲುಪಿದರೆ ಆಕ್ಸೈಡ್ ಹೈಡ್ರಾಕ್ಸೈಡ್ ಆಗಿ ಊದಿಕೊಂಡು ಅಂಟಿನ ಸಮೇತ ಕಳಚುತ್ತದೆ. 1988ರ ಏಪ್ರಿಲ್ 28ರಂದು ಹವಾಯಿಯ ಮೇಲೆ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲ್ಛಾವಣಿ ಹಾರಿಹೋಗಿ ಒಬ್ಬ ಗಗನಸಖಿ ಪ್ರಾಣ ಕಳೆದುಕೊಂಡರು. ಅದರ ಹಿಂದೆ ತಗಡುಗಳ ಜೋಡಣೆಯಲ್ಲಿ ಅಂಟು ಬಿಟ್ಟುಕೊಂಡು, ಅದು ಹೊರಬೇಕಾದ ಭಾರವೆಲ್ಲ ರಿವೆಟ್ ತೂತುಗಳ ಅಂಚಿಗೆ ಬಿದ್ದು, ಅಲ್ಲಿ ಬಿರುಕು ಬೆಳೆದ ಕಥೆಯಿದೆ.

ತೊಟ್ಟಿಯ ದಾರಿ ಇಕ್ಕಟ್ಟಾದದ್ದು ಎರಡು ಕಾರಣಕ್ಕೆ. ಡೈಕ್ರೋಮೇಟ್‌ನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಐರೋಪ್ಯ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರಿಂದ ಪರವಾನಗಿ ಇಲ್ಲದೆ ಅದನ್ನು ಬಳಸುವಂತಿಲ್ಲ. ಇನ್ನೊಂದು ಕಾರಣ ಕಾರು. ನಿಮಿಷಕ್ಕೊಂದು ಬಾಡಿ ಹೊರಬೀಳುವ ಸಾಲಿನಲ್ಲಿ 20 ನಿಮಿಷದ ತೊಟ್ಟಿಗೆ ಜಾಗವಿಲ್ಲ.

ಕಾರಿನ ತಗಡಿಗೆ ಒರಟು ಬಂದದ್ದು ಅಂಟಿಗಾಗಿ ಅಲ್ಲ, ಪೇಂಟ್ ಮತ್ತು ಡ್ರಾಯಿಂಗ್ ಎಣ್ಣೆಗಾಗಿ. ಸುರುಳಿ ತಯಾರಿಕೆಯ ಕೊನೆಯಲ್ಲಿ ತಗಡನ್ನು ಶೇ. 1ರಷ್ಟು ಮಾತ್ರ ಹಿಗ್ಗಿಸುವ ರೋಲರ್‌ಗಳಿರುತ್ತವೆ. ಅವುಗಳ ಮೈಯನ್ನು ಮೊದಮೊದಲು ಉಕ್ಕಿನ ಗುಂಡುಗಳಿಂದ, ಆಮೇಲಿನ ವರ್ಷಗಳಲ್ಲಿ ವಿದ್ಯುತ್ ಕಿಡಿಯಿಂದ ಒರಟು ಮಾಡಿ, ಆ ಅಚ್ಚನ್ನು ತಗಡಿಗೆ ಇಳಿಸಿದರು. ಸರಾಸರಿ ಒರಟು 1 ಮೈಕ್ರಾನ್ ಆಚೀಚೆ. ಅಂಟಿನವರು ಅದನ್ನೇ ಬಳಸಿಕೊಂಡರು. ಆದರೆ ಡೈಯ ತಿರುವಿನ ಮೇಲೆ ತಗಡು ಜಾರುವಾಗ ಶಿಖರಗಳು ಸವೆದು ಮೈ ಹೊಳೆಯತೊಡಗುತ್ತದೆ. ಅಂಟು ಬೀಳುವ ಮಡಚಿದ ಅಂಚು, ಅಂದರೆ ಫ್ಲ್ಯಾಂಜ್, ಇರುವುದು ಹೆಚ್ಚಾಗಿ ಅಂಥ ತಿರುವಿನಾಚೆಯೇ. ಬೇಕಾದ ಕಡೆಯೇ ಒರಟು ಅಳಿಸಿಹೋಗುವುದರಿಂದ, ಆಕಾರ ಬಂದ ಮೇಲೆ ಅಂಟು ಬೀಳುವ ಪಟ್ಟಿಗಷ್ಟೇ ಅಚ್ಚೊತ್ತುವ ದಾರಿ ಹುಡುಕಬೇಕಾಯಿತು.

ಹಾಗಾಗಿ ಈ ಅಚ್ಚಿಗೆ ಸರಿಯಾದ ಜಾಗ ತಗಡನ್ನು ಡೈಯೊಳಕ್ಕೆ ಎಳೆಯುವ ಮೊದಲ ಡ್ರಾ ಅಲ್ಲ, ಆಕಾರ ಬಂದ ಮೇಲೆ ಅದನ್ನು ಕರಾರುವಾಕ್ಕಾಗಿಸುವ ಕೊನೆಯ ಮರುಹೊಡೆತ, ರೀಸ್ಟ್ರೈಕ್. ಪಂಚ್ (ತಗಡನ್ನು ಡೈಯೊಳಗೆ ಒತ್ತುವ ಭಾಗ) ಕೆಳತುದಿ ಮುಟ್ಟುವ ಕೊನೆಯ ಕೆಲವು ದಶಾಂಶ ಮಿಲಿಮೀಟರ್‌ನಲ್ಲಿ ಕೆಲಸ ಮುಗಿಯಬೇಕು, ತಗಡು ಅಡ್ಡಕ್ಕೆ ಜರುಗಬಾರದು. ಬೇಕಾಗುವ ಬಲವನ್ನು ಹಲವರು ಕಡಿಮೆ ಅಂದಾಜಿಸುತ್ತಾರೆ. ಲೋಹದ ಮೈಯಲ್ಲಿ ತಗ್ಗು ಮೂಡಿಸಲು ಅದರ ಇಳುವರಿ ಒತ್ತಡದ (ಲೋಹ ಶಾಶ್ವತವಾಗಿ ರೂಪ ಬದಲಿಸತೊಡಗುವ ಒತ್ತಡ) ಸುಮಾರು ಮೂರು ಪಟ್ಟು ಬೇಕು. 300 ಮಿ.ಮೀ. ಉದ್ದ, 15 ಮಿ.ಮೀ. ಅಗಲದ ಪಟ್ಟಿ ತೆಗೆದುಕೊಳ್ಳಿ: 4,500 ಚದರ ಮಿ.ಮೀ. ಅದರಲ್ಲಿ ಶೇ. 30 ಭಾಗವನ್ನು ಅಚ್ಚಿನ ಹಲ್ಲುಗಳು ಮುಟ್ಟಿದರೆ 1,350. ಆಕಾರ ಪಡೆಯುವಾಗ ಗಟ್ಟಿಯಾದ ಮೆದು ಉಕ್ಕಿಗೆ 300 ಮೆಗಾಪ್ಯಾಸ್ಕಲ್ (ಚದರ ಮಿ.ಮೀ.ಗೆ 300 ನ್ಯೂಟನ್ ಬಲ) ಹಿಡಿದರೂ 900ರಂತೆ ಗುಣಿಸಿ, ಸುಮಾರು 124 ಟನ್. ಒಂದು ಸಣ್ಣ ಪಟ್ಟಿಗೇ ಇಷ್ಟು! 800 ಮೆಗಾಪ್ಯಾಸ್ಕಲ್ ಉಕ್ಕಾದರೆ ಹಲ್ಲಿನ ಮೇಲೆ 2,400 ಮೆಗಾಪ್ಯಾಸ್ಕಲ್ ಬಿದ್ದು, ಗಡಸು ಟೂಲ್ ಸ್ಟೀಲ್‌ನ ತುದಿಯೇ ಮುದುಡುತ್ತದೆ. ಅಂಥ ಉಕ್ಕಿಗೆ ಈ ಉಪಾಯ ಬೇಡ ಎಂದೇ ನಮ್ಮ ಸಲಹೆ. ಇಡೀ ಪ್ಯಾನೆಲ್‌ಗೆ ಒತ್ತುವ ಮಾತಂತೂ ಬಿಡಿ.

ಗೆರೆಯೋ ಗುಂಡಿಯೋ? ಮುಚ್ಚಿದ ಗುಂಡಿಯಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ದಪ್ಪನೆಯ ಎಪಾಕ್ಸಿ ಪೇಸ್ಟ್ ಗುಂಡಿಯ ಬಾಯಿಯ ಮೇಲೆ ಸೇತುವೆ ಕಟ್ಟಿ ಕೂರುತ್ತದೆ. ಪೇಂಟ್ ಓವನ್‌ನಲ್ಲಿ 20ರಿಂದ 180 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಆ ಗಾಳಿ ಒಂದೂವರೆ ಪಟ್ಟು ಹಿಗ್ಗಿ ಗುಳ್ಳೆಯಾಗುತ್ತದೆ. ಅದೇ ಗುಂಡಿಯಲ್ಲಿ ಪ್ರೆಸ್ ಎಣ್ಣೆಯೂ ನಿಲ್ಲುತ್ತದೆ. ಓವನ್‌ನಲ್ಲಿ ಬೇಯುವ ಅಂಟು ತೆಳುವಾದ ಎಣ್ಣೆ ಪದರವನ್ನು ಹೀರಿಕೊಂಡೀತು, ನಿಂತ ಎಣ್ಣೆಯನ್ನಲ್ಲ. ಆದ್ದರಿಂದ ಅಂಚಿನವರೆಗೂ ತೆರೆದಿರುವ ಗೆರೆಗಳೇ ಮೇಲು. ಅಂಟನ್ನು ಒತ್ತಿದಾಗ ಗಾಳಿಗೆ ಹೊರದಾರಿ ಇರುತ್ತದೆ. ಗೆರೆಯ ಅಗಲಕ್ಕೂ ಮಿತಿಯುಂಟು. ಪದರದ ದಪ್ಪ ಕಾಯಲು ಅಂಟಿನಲ್ಲಿ 0.2 ಮಿ.ಮೀ. ಗಾಜಿನ ಮಣಿ ಬೆರೆಸಿದ್ದು, ಗೆರೆ 0.3 ಮಿ.ಮೀ. ಅಗಲವಿದ್ದರೆ ಮಣಿಗಳು ಗೆರೆಯೊಳಗೆ ಇಳಿದು ಕೂರುತ್ತವೆ, ಶಿಖರಗಳ ಮೇಲೆ ಅಂಟಿನ ಪದರ ಬೇಕಾದ್ದಕ್ಕಿಂತ ತೆಳುವಾಗುತ್ತದೆ.

ಪ್ರೆಸ್ ನೇರಕ್ಕೆ ಇಳಿಯುವುದರಿಂದ ಒಂದೇ ಹೊಡೆತದಲ್ಲಿ ಒಳಬಾಗಿದ ಕೊಕ್ಕೆಯಾಕಾರ ಬರುವುದಿಲ್ಲ. ಬಂದರೆ ಪಂಚ್ ಹೊರಗೆ ಬರಲಾರದು. ಬೇಕೇ ಬೇಕೆಂದರೆ ಎರಡು ಹೊಡೆತ: ಮೊದಲು ದಿಬ್ಬ ಎಬ್ಬಿಸಿ, ಆಮೇಲೆ ಚಪ್ಪಟೆ ಪಂಚ್‌ನಿಂದ ಅದರ ತಲೆಯನ್ನು ತುಸು ಅಗಲಿಸುವುದು.

ಕೆಡುವ ಕಡೆಗಳೂ ಗೊತ್ತಿರುವಂಥವೇ. ಒಂದೇ ಮೈ ಒತ್ತಿಸಿಕೊಂಡ ತಗಡು ಬಾಗುತ್ತದೆ. 0.7 ಮಿ.ಮೀ. ಹೊರ ಪ್ಯಾನೆಲ್‌ನಲ್ಲಿ ಅಚ್ಚಿನ ನೆರಳು ಪೇಂಟ್ ಬಳಿದ ಮೇಲೂ ಕಾಣುತ್ತದೆ, ಹಾಗಾಗಿ ಒಳ ಪ್ಯಾನೆಲ್‌ಗೆ ಮಾತ್ರ ಒತ್ತುತ್ತಾರೆ. ಆಗ ಎದುರಿನ ನುಣುಪು ಮೈಯೇ ಮೊದಲು ಬಿಡುತ್ತದೆ, ಪಟ್ಟ ಶ್ರಮದ ಅರ್ಧ ವ್ಯರ್ಥ. ಒತ್ತಿದ ಜಾಗ ಗಡಸಾಗುವುದರಿಂದ ಅದರ ಮೇಲೆಯೇ ಅಂಚನ್ನು ಹಿಂದಕ್ಕೆ ಮಡಚಿದರೆ (ಹೆಮ್) ಸೀಳುತ್ತದೆ. ಸತುವಿನ ಲೇಪ 10 ಮೈಕ್ರಾನ್ ಸುಮಾರು. 50 ಮೈಕ್ರಾನ್ ಆಳದ ಚೂಪು ಗೆರೆ ಅದನ್ನು ಹರಿಯಬಲ್ಲದು. ಕೆದರಿದ ಸತು, ಅಲ್ಯೂಮಿನಿಯಂ ಹಲ್ಲುಗಳ ನಡುವೆ ಮೆತ್ತಿಕೊಂಡು ಅಚ್ಚಿನ ಆಳ ದಿನದಿನಕ್ಕೆ ಇಳಿಯುತ್ತದೆ. ಅಚ್ಚಿನ ಭಾಗವನ್ನು ಬಿಚ್ಚಿ ಬದಲಿಸಬಹುದಾದ ಇನ್ಸರ್ಟ್ ಆಗಿಯೇ ಮಾಡಿಸಬೇಕು.

ಬರೀ ಎಳೆದು ಹರಿಯುವ ಪರೀಕ್ಷೆಯಲ್ಲಿ ಒರಟು ಮೈ ಚೆನ್ನಾಗಿಯೇ ಕಾಣುತ್ತದೆ, ಬಿರುಕು ನೇರ ಓಡದೆ ಏರಿಳಿದು ಸುಸ್ತಾಗುವುದರಿಂದ. ಸತ್ಯ ಹೊರಬರುವುದು ಬೆಣೆ ಪರೀಕ್ಷೆಯಲ್ಲಿ: ಅಂಟಿದ ಪಟ್ಟಿಗಳ ನಡುವೆ ಬೆಣೆ ತುರುಕಿ, ಬಿಸಿ ತೇವದಲ್ಲಿಟ್ಟು ಬಿರುಕು ಎಷ್ಟು ಬೆಳೆಯಿತೆಂದು ಅಳೆಯುವುದು. ಆಮೇಲೆ ಪಟ್ಟಿಗಳನ್ನು ಪೂರ್ತಿ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿ. ಎರಡೂ ಮುಖದಲ್ಲಿ ಅಂಟು ಉಳಿದಿದ್ದರೆ ಸರಿ. ಗೆರೆಗಳಲ್ಲಿ ಅಂಟು ಉಳಿದು ಶಿಖರಗಳು ಬರಿದಾಗಿದ್ದರೆ ತಪ್ಪು ಅಚ್ಚಿನದ್ದಲ್ಲ, ಮೈಯ ರಸಾಯನದ್ದು. ಗೆರೆ ಇನ್ನೂ ಆಳ ಮಾಡಿದರೆ ಪ್ರಯೋಜನವಿಲ್ಲ. ಗೆರೆಗಳೇ ಬರಿದಾಗಿ, ಎದುರಿನ ಅಂಟಿನ ದಿಬ್ಬಗಳು ಅಚ್ಚಿನಂತೆ ಚೂಪಾಗಿರದೆ ದುಂಡಗೆ, ಹೊಳೆಯುತ್ತಿದ್ದರೆ, ಅಂಟು ತಳ ಮುಟ್ಟಿಯೇ ಇರಲಿಲ್ಲ.