ತೆರೆಯ ಮೇಲೆ ಆ ಬಾಣದ ಗುರುತು ಎಲ್ಲಿಂದ ಬರುತ್ತಿತ್ತು?

ವಿಂಡೋಸ್‌ನ ಹಳೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಲಿನಕ್ಸ್ ಕಡೆಯ ಟೂಲ್ ಓಡಿಸಿದವರಿಗೆಲ್ಲ ಈ ಕಿರಿಕಿರಿ ಗೊತ್ತು. ಎರರ್ ಕೆಂಪಗೆ ಕಾಣಬೇಕಾದ ಕಡೆ ಎಡಕ್ಕೆ ತಿರುಗಿದ ಬಾಣ, ಪಕ್ಕದಲ್ಲಿ ಚೌಕ ಬ್ರಾಕೆಟ್, 31, ಆಮೇಲೆ ಒಂದು ಎಂ. ಬಾಣವಾಗಿ ಕಂಡಿದ್ದು ಎಸ್ಕೇಪ್ ಕ್ಯಾರೆಕ್ಟರ್, ‘ಮುಂದೆ ಬರುವುದು ಅಕ್ಷರ ಅಲ್ಲ, ಆಜ್ಞೆ’ ಅಂತ ಹೇಳುವ ಗುರುತು, ನಂಬರ್ 27. ಯಾವ ನಂಬರಿಗೆ ಯಾವ ಚಿತ್ರ ಅಂತ ಹೇಳುವ ಐಬಿಎಂ ಪಿಸಿ ಕಾಲದ ಪಟ್ಟಿ, ಕೋಡ್ ಪೇಜ್ 437ರಲ್ಲಿ ಆ ನಂಬರಿಗೆ ಬಾಣದ ಚಿತ್ರ. ‘ಇನ್ನು ಮುಂದೆ ಕೆಂಪು’ ಅಂತ ಕೊಟ್ಟ ಆಜ್ಞೆಯನ್ನೇ ಕನ್ಸೋಲ್, ಅಂದರೆ ಆ ಪ್ರಾಂಪ್ಟಿನ ಕಿಟಕಿ, ಅಕ್ಷರ ಅಂದುಕೊಂಡು ಬರೆದುಬಿಡುತ್ತಿತ್ತು.

ಈ ಆಜ್ಞೆಗಳಿಗೆ 1976ರಲ್ಲೇ ಎಕ್ಮಾ-48 ಅನ್ನುವ ಸ್ಟ್ಯಾಂಡರ್ಡ್ ಬಂತು. ಅದನ್ನು ಮನೆಮಾತು ಮಾಡಿದ್ದು ಮಾತ್ರ 1978ರಲ್ಲಿ ಡಿಇಸಿ ಕಂಪನಿ ತಂದ ವಿಟಿ100 ಟರ್ಮಿನಲ್, ಅಂದರೆ ದೂರದ ಕಂಪ್ಯೂಟರಿಗೆ ಜೋಡಿಸುವ ತೆರೆ-ಕೀಬೋರ್ಡ್ ಯಂತ್ರ. ಡಾಸ್ 2.0 ಕೂಡ 1983ರಲ್ಲಿ ಆನ್ಸಿ.ಸಿಸ್ ಡ್ರೈವರ್ ಹಾಕಿಕೊಂಡರೆ ಇವನ್ನು ಪಾಲಿಸುತ್ತಿತ್ತು. ವಿಂಡೋಸ್ ಎನ್‌ಟಿ ದಾರಿ ಬದಲಿಸಿತು. ಬಣ್ಣ ಬೇಕಾ, ಕರ್ಸರ್ ಸರಿಸಬೇಕಾ, ಅದಕ್ಕೆಂದೇ ಇರುವ ಫಂಕ್ಷನ್ ಕರೆಯಿರಿ ಅಂದಿತು. ಯೋಚನೆ ಅಚ್ಚುಕಟ್ಟೇ. ಆದರೆ ಯುನಿಕ್ಸ್ ಪ್ರಪಂಚದ ಪ್ರೋಗ್ರಾಮ್‌ಗಳಿಗೆ ಅದು ಗೊತ್ತಿರಲಿಲ್ಲ. ನಡುವೆ ಕಾನ್‌ಇಮು, ಆನ್ಸಿಕಾನ್‌ನಂಥವು ತೇಪೆ ಹಾಕಿದವು. ವಿಂಡೋಸ್ 10 ಬಂದ ಮೇಲೆ ಕನ್ಸೋಲ್ ತಾನೇ ಅರ್ಥಮಾಡಿಕೊಳ್ಳಲು ಕಲಿಯಿತು, ಅದೂ ಪ್ರೋಗ್ರಾಮ್ ಒಂದು ಮೋಡ್ ಬಿಟ್ (ಸ್ವಿಚ್ಚಿನಂಥ ಸೆಟ್ಟಿಂಗ್) ಆನ್ ಮಾಡಿ ಕೇಳಿಕೊಂಡರೆ. ಸುಮ್ನೆ ಎಲ್ಲರಿಗೂ ಆನ್ ಮಾಡಿದ್ದರೆ ಹಳೇ ಪ್ರೋಗ್ರಾಮ್‌ಗಳು ಕೆಡುತ್ತಿದ್ದವು, ಅಲ್ವಾ?

ನಿಜವಾದ ತಲೆನೋವು ಬಣ್ಣದ್ದಲ್ಲ, 80ನೇ ಕಾಲಮ್‌ನದು. ಸಾಲಿನ ಕೊನೇ ಕಾಲಮ್‌ನಲ್ಲಿ ಅಕ್ಷರ ಬಿದ್ದ ತಕ್ಷಣ ವಿಟಿ100 ಕೆಳಗೆ ಇಳಿಯುವುದಿಲ್ಲ. ಕರ್ಸರ್ ಅಲ್ಲೇ ನಿಲ್ಲುತ್ತದೆ, ಮುಂದಿನ ಅಕ್ಷರ ಬಂದಾಗಲೇ ಇಳಿಯುತ್ತದೆ. ಹಳೇ ವಿಂಡೋಸ್ ಕನ್ಸೋಲ್ ಆಗಿಂದಾಗಲೇ ಇಳಿಯುತ್ತಿತ್ತು. ಪೂರ್ತಿ 80 ಅಕ್ಷರ ಬರೆದು ಹೊಸ ಸಾಲು ಕೇಳಿದಿರೋ, ಮಧ್ಯೆ ಖಾಲಿ ಸಾಲೊಂದು ಬಂದು ಕೂತಿತು. ಸ್ಟ್ಯಾಂಡರ್ಡ್ ಓದಿ ಎಮ್ಯುಲೇಟರ್ (ಹಳೇ ಟರ್ಮಿನಲ್ಲಿನಂತೆ ನಡೆದುಕೊಳ್ಳುವ ಪ್ರೋಗ್ರಾಮ್) ಬರೆಯುವವರು ಎಡವುವುದು ಇಲ್ಲೇ. ಅಂಚಿನಲ್ಲಿ ಏನು ಮಾಡಬೇಕು ಅನ್ನುವುದನ್ನು ಎಕ್ಮಾ-48 ಟರ್ಮಿನಲ್ ಮಾಡುವವರಿಗೇ ಬಿಟ್ಟಿದೆ. ಹಾಗಾಗಿ ನನ್ನ ಪ್ರಕಾರ ಅಸಲಿ ಸ್ಟ್ಯಾಂಡರ್ಡ್ ಅಂದರೆ ಆ ಹಳೇ ಯಂತ್ರದ ನಡವಳಿಕೆಯೇ. ವಿಟಿಟೆಸ್ಟ್ ಅನ್ನುವ ಪರೀಕ್ಷಾ ಪ್ರೋಗ್ರಾಮ್ ಇವತ್ತಿಗೂ ಬೇಕಾಗುವುದು ಅದಕ್ಕೇ.

ಇನ್ನೊಂದು ಬಗ್ ಇದಕ್ಕಿಂತ ಕಳ್ಳ. ನೆಟ್‌ವರ್ಕ್ ನಿಧಾನ ಇದ್ದರೆ ಮೊದಲ ರೀಡ್‌ನಲ್ಲಿ ಎಸ್ಕೇಪ್, ಬ್ರಾಕೆಟ್ ಮತ್ತು 3 ಬಂದು, 1 ಮತ್ತು ಎಂ ಮುಂದಿನ ರೀಡ್‌ಗೆ ಉಳಿಯಬಹುದು. ಎಮ್ಯುಲೇಟರಿನೊಳಗೆ ಆಜ್ಞೆ ಬಿಡಿಸಿ ಓದುವ ಭಾಗವಾದ ಪಾರ್ಸರ್ ತಾನು ಎಲ್ಲಿದ್ದೆ ಅನ್ನುವುದನ್ನು ನೆನಪಿಟ್ಟುಕೊಳ್ಳದಿದ್ದರೆ ‘1ಎಂ’ ತೆರೆಯ ಮೇಲೆ ಅಚ್ಚಾಗುತ್ತದೆ. ಡೆವಲಪರ್ ಮೆಷಿನ್‌ನಲ್ಲಿ ಇದು ಕಾಣುವುದೇ ಅಪರೂಪ. ಹಿಡಿಯಬೇಕಾದರೆ ಬಂದ ಬೈಟ್‌ಗಳನ್ನೆಲ್ಲ ಫೈಲ್‌ಗೆ ಉಳಿಸಿ, ಮೊದಲು ಒಟ್ಟಿಗೆ, ಆಮೇಲೆ ಒಂದೊಂದೇ ಬೈಟ್ ಆಗಿ ಎಮ್ಯುಲೇಟರ್‌ಗೆ ತಿನ್ನಿಸಿ ನೋಡಬೇಕು. ಎರಡು ಸಲ ಮೂಡಿದ ತೆರೆಗಳಲ್ಲಿ ವ್ಯತ್ಯಾಸ ಕಂಡರೆ ತಪ್ಪು ಪಾರ್ಸರ್‌ನದೇ, ಕಳಿಸಿದ ಪ್ರೋಗ್ರಾಮ್‌ನದಲ್ಲ.