ಮೊದಲು ಇಂಟರ್ನೆಟ್ ಬಂದ್ ಮಾಡಿ ನೋಡಿ

ಕಳೆದ ಮಳೆಗಾಲದಲ್ಲಿ, ನನಗೆ ಏಳನೆಯ ತರಗತಿಯಲ್ಲಿ ಕಲಿಸಿದ ಮಾಸ್ತರರು ಕಾಸರಗೋಡಿನ ಬದಿಯಡ್ಕದ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಜೇಬಿನಲ್ಲಿದ್ದ ಪ್ಲಾಸ್ಟಿಕ್ ತೊಟ್ಟೆಯಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿದ್ದುದು ಶಾಲೆಯ ಹಳೆಯ ಸ್ಮರಣ ಸಂಚಿಕೆ. ಇಪ್ಪತ್ತು ವರ್ಷಗಳ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಸಿದ್ದು. ‘ಮೊಬೈಲಿನಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ ಮಾರಾಯ, ವೈರಸ್ ಬಂದಿದೆ ಎನ್ನುತ್ತಾನೆ ಮೊಮ್ಮಗ’ ಎಂದರು.

ವೈರಸ್ ಏನೂ ಬಂದಿರಲಿಲ್ಲ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀರು ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಹೀಗೆ ಸಾಲಾಗಿ ನಿಂತಿದ್ದವು. ಡಿಟಿಪಿ ಕೆಲಸದವರಿಗೆ ಇದು ನೋಡಿದೊಡನೆ ಗೊತ್ತಾಗುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಉಳಿಯುತ್ತಿದ್ದುದು ಈ ಇಂಗ್ಲಿಷ್ ಗುರುತುಗಳೇ. ಅವಕ್ಕೆ ಕನ್ನಡದ ವೇಷ ಹಾಕುತ್ತಿದ್ದುದು ಫಾಂಟು. ಆ ಫಾಂಟು ಇಲ್ಲದ ಮೊಬೈಲಿನಲ್ಲಿ, ಯಕ್ಷಗಾನದ ಚೌಕಿಯಲ್ಲಿ ಬಣ್ಣ ತೊಳೆದು ಕುಳಿತ ಮಹಿಷಾಸುರನ ಹಾಗೆ, ಗುರುತೇ ಸಿಗುವುದಿಲ್ಲ.

ಇಂಥ ಬರಹವನ್ನು, ಅಕ್ಷರಕ್ಕೊಂದು ಸ್ವಂತ ಸಂಖ್ಯೆ ಕೊಡುವ ಯೂನಿಕೋಡಿಗೆ ತಿರುಗಿಸುವ ಜಾಲತಾಣಗಳು ಪುಕ್ಕಟೆಯಾಗಿವೆ. ಅಂಥ ಒಂದನ್ನು ತೆರೆದೆ. ಪುಟ ಪೂರ್ತಿ ಬಂದ ಮೇಲೆ ವೈಫೈ ಬಂದ್ ಮಾಡಿದೆ. ಮಾಸ್ತರರು ಕರೆಂಟು ಹೋಯಿತೆಂದು ಫ್ಯಾನಿನ ಕಡೆ ನೋಡಿದರು. ಬರಹವನ್ನು ಅಂಟಿಸಿ ಗುಂಡಿ ಒತ್ತಿದೆ, ಕನ್ನಡ ಬಂತು. ಅಂದರೆ ಕೆಲಸವೆಲ್ಲ ನನ್ನ ಬ್ರೌಸರಿನೊಳಗೇ ನಡೆಯಿತು, ಒಂದಕ್ಷರವೂ ಹೊರಗೆ ಹೋಗಲಿಲ್ಲ.

ಸ್ಮರಣ ಸಂಚಿಕೆಯಲ್ಲಿ ಅಡಗಿಸಿಡುವಂಥದ್ದೇನಿದೆ ಎಂದು ನೀವು ಕೇಳಬಹುದು, ಅವರೂ ಕೇಳಿದರು. ಕೊನೆಯ ಪುಟಗಳನ್ನು ತೋರಿಸಿದೆ. ಹಳೆಯ ವಿದ್ಯಾರ್ಥಿಗಳ ಹೆಸರು, ಮನೆವಿಳಾಸ, ಫೋನ್ ಸಂಖ್ಯೆ, ಕೆಲವರ ಜನ್ಮದಿನಾಂಕ ಕೂಡ.

ಯಾವ ಜಾಲತಾಣ ಒಳ್ಳೆಯದು ಎಂದು ದಿನಕ್ಕೆ ಇಬ್ಬರಾದರೂ ನನ್ನನ್ನು ಕೇಳುತ್ತಾರೆ. ಪಿಡಿಎಫ್ ಜೋಡಿಸಲು, ಫೋಟೊ ಕುಗ್ಗಿಸಲು, ಸಹಿ ಕತ್ತರಿಸಲು. ಹೆಸರು ಹೇಳುವ ಮೊದಲು ನಾನು ಈ ಪರೀಕ್ಷೆಯನ್ನೇ ಹೇಳಿಕೊಡುತ್ತೇನೆ: ಖಾಸಗಿ ಕಿಟಕಿಯಲ್ಲಿ ಪುಟ ತೆರೆಯಿರಿ, ಇಂಟರ್ನೆಟ್ ಬಂದ್ ಮಾಡಿ, ಆಮೇಲೆ ಫೈಲು ಕೊಡಿ. ಕೆಲಸ ಆಯಿತೆ? ಫಲಿತಾಂಶ ಉಳಿಸಿಕೊಂಡು ಕಿಟಕಿಯನ್ನು ಮುಚ್ಚಿ, ನಂತರವೇ ಇಂಟರ್ನೆಟ್ ಹಾಕಿ. ಕಿಲಾಡಿ ಪುಟವೊಂದು ಸಂಪರ್ಕ ಬರುವವರೆಗೆ ಕಾದು ಕಳುಹಿಸಬಲ್ಲದು. ಅದಕ್ಕಾಗಿ ಈ ಕ್ರಮ. ಕೆಲಸ ಆಗದೆ ಚಕ್ರ ಸುತ್ತುತ್ತಲೇ ಇದ್ದರೆ ಫೈಲು ಇನ್ನೊಬ್ಬರ ಯಂತ್ರಕ್ಕೆ ಹೋದೀತೆಂದೇ ತಿಳಿಯಿರಿ. ಹೋಗಲಿ ಬಿಡಿ, ಊರ ಜಾತ್ರೆಯ ಕರಪತ್ರವಾದರೆ ಹೋಗಲಿ. ಆಧಾರ್ ಪ್ರತಿ, ಜಾಗದ ಆಧಾರಪತ್ರ, ಆಸ್ಪತ್ರೆಯ ವರದಿ ಆದರೆ ಬೇಡ. ತಂತ್ರಾಂಶ ಬರೆಯುವವರು ಎಫ್12 ಒತ್ತಿ, ಏನೇನು ಹೊರಗೆ ಹೋಯಿತೆಂದು ತೋರಿಸುವ ನೆಟ್‌ವರ್ಕ್ ಪಟ್ಟಿಯನ್ನು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ.

‘30 ಕೆಬಿಯೊಳಗೆ ಫೋಟೊ ಕೊಡಿ’ ಎನ್ನುವ ಅರ್ಜಿಗಳಿಗೆ ನಾನು ಬಳಸುವುದು ಸ್ಕ್ವೂಶ್. ಗೂಗಲಿನ ಕ್ರೋಮ್ ತಂಡ 2018ರಲ್ಲಿ ಬಿಟ್ಟ ಸಾಧನ. ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಎಡಗಡೆ ಮೂಲ ಚಿತ್ರ, ಬಲಗಡೆ ಕುಗ್ಗಿದ ಚಿತ್ರ, ನಡುವಿನ ಗೆರೆಯನ್ನು ಎಳೆದು ಮುಖ ಎಷ್ಟು ಮಸುಕಾಯಿತು ಎಂದು ನೋಡಬಹುದು. ತಂತ್ರಾಂಶದವರಿಗೆ, ದತ್ತಾಂಶವನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ ಸೈಬರ್‌ಶೆಫ್ ಇದೆ. ಬ್ರಿಟನ್ನಿನ ಬೇಹುಗಾರಿಕೆ ಸಂಸ್ಥೆ ಜಿಸಿಎಚ್‌ಕ್ಯೂ ಅದನ್ನು 2016ರಲ್ಲಿ ಮುಕ್ತಗೊಳಿಸಿತು. ಬೇಹುಗಾರರ ಸಾಮಾನನ್ನು ನಂಬುವುದೆ ಎಂದು ನಗಬೇಡಿ. ಪೂರ್ತಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿಟ್ಟು ಇಂಟರ್ನೆಟ್ ಇಲ್ಲದೆಯೇ ನಡೆಸಬಹುದು.

ಇಷ್ಟು ಉಪದೇಶ ಮಾಡುವ ನಾನೇ ಒಮ್ಮೆ ಜಾರಿ ಬಿದ್ದಿದ್ದೇನೆ. ಗಿರಾಕಿಯೊಬ್ಬರ ತಂತ್ರಾಂಶದ ಸಂರಚನಾ (ಕಾನ್ಫಿಗರೇಶನ್) ಫೈಲನ್ನು ಅಂದವಾಗಿ ಸಾಲು ಹಿಡಿದು ತೋರಿಸಲೆಂದು ಯಾವುದೋ ಪುಟಕ್ಕೆ ಅಂಟಿಸಿದೆ. ಅದು ಅಂದಗೊಳಿಸುವುದರ ಜೊತೆಗೆ ಉಳಿಸಿಯೂ ಇಟ್ಟು, ಯಾರು ಬೇಕಾದರೂ ತೆರೆಯಬಹುದಾದ ಕೊಂಡಿಯನ್ನೂ ತಯಾರಿಸಿ ಕೊಟ್ಟಿತು. ಒಳಗೆ ದತ್ತಸಂಚಯದ (ಡೇಟಾಬೇಸಿನ) ಪಾಸ್‌ವರ್ಡ್ ಇತ್ತು. ಆ ರಾತ್ರಿ ಎಲ್ಲ ಪಾಸ್‌ವರ್ಡುಗಳನ್ನೂ ಬದಲಿಸಿ ಮಲಗುವಾಗ ಕೋಳಿ ಕೂಗಿತ್ತು.

ಹೊರಗೆ ಕಳುಹಿಸಿಯೂ ಮರ್ಯಾದೆಯಿಂದ ನಡೆದುಕೊಳ್ಳುವ ಸೇವೆಗಳಿವೆ. ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ನಲ್ಲಿ ನಿಮ್ಮ ಪಾಸ್‌ವರ್ಡ್ ಎಲ್ಲಾದರೂ ಸೋರಿದೆಯೇ ಎಂದು ನೋಡಬಹುದು. ಪಾಸ್‌ವರ್ಡನ್ನೇ ಅಲ್ಲಿ ಬರೆಯುವುದೆಂದರೆ ಬೀಗದ ಕೈಯನ್ನು ಕೊಟ್ಟಂತಲ್ಲವೆ? ಅವರ ಜಾಣ್ಮೆ ಇರುವುದು ಅಲ್ಲಿಯೇ. ನಿಮ್ಮ ಬ್ರೌಸರು ಪಾಸ್‌ವರ್ಡನ್ನು ಅರೆದು 40 ಅಕ್ಷರಗಳ ಒಂದು ಸರವನ್ನು ಮಾಡುತ್ತದೆ, ಅದರ ಮೊದಲ 5 ಅಕ್ಷರಗಳನ್ನು ಮಾತ್ರ ಕಳುಹಿಸುತ್ತದೆ. ಹಾಗೆ ಆರಂಭವಾಗುವ, ಸೋರಿದ ಪಾಸ್‌ವರ್ಡುಗಳ ಸರಗಳೆಲ್ಲ ಮರಳಿ ಬರುತ್ತವೆ. ಹೋಲಿಸುವುದು ನಿಮ್ಮ ಯಂತ್ರವೇ. ಅಂಚೆ ಕಚೇರಿಗೆ ಹೋಗಿ ‘ಪೆರ್ಲದ ಕಡೆಯ ಕಾಗದಗಳನ್ನೆಲ್ಲ ಕೊಡಿ’ ಎಂದು ತಂದು, ನಿಮ್ಮದು ಯಾವುದೆಂದು ಅಂಚೆಯವರಿಗೂ ತಿಳಿಯದಂತೆ ಮನೆಯಲ್ಲಿ ಹೆಕ್ಕಿಕೊಂಡ ಹಾಗೆ.

ವೈರಸ್‌ಟೋಟಲ್ ಇದಕ್ಕೆ ತದ್ವಿರುದ್ಧ. ವಾಟ್ಸ್‌ಆ್ಯಪಿನಲ್ಲಿ ಮದುವೆ ಕಾಗದದ ಹೆಸರಿನಲ್ಲಿ, ಮೊಬೈಲಿಗೆ ಆ್ಯಪ್ ಹಾಕುವ ಎಪಿಕೆ ಫೈಲುಗಳು ಬರುತ್ತಿವೆಯಲ್ಲ, ಅವನ್ನು ತೆರೆಯದೆ ಅಲ್ಲಿಗೆ ಕೊಟ್ಟರೆ ಹತ್ತಾರು ಸಂಸ್ಥೆಗಳ ವೈರಸ್ ತಪಾಸಣೆ ಒಮ್ಮೆಗೇ ಆಗುತ್ತದೆ. ಆದರೆ ಅಲ್ಲಿ ಕೊಟ್ಟ ಫೈಲು ಭದ್ರತಾ ಕ್ಷೇತ್ರದ ಇತರರಿಗೂ ಸಿಗುತ್ತದೆ, ಆ ಸೇವೆಯ ಉದ್ದೇಶವೇ ಅದು. ಕಳ್ಳನ ಎಪಿಕೆಯನ್ನು ಧಾರಾಳವಾಗಿ ಕೊಡಿ; ಸಂಶಯ ಬಂತೆಂದು ನಿಮ್ಮದೇ ಬ್ಯಾಂಕ್ ವಿವರದ ಪಿಡಿಎಫ್ ಕೊಡಬೇಡಿ.

ನಿಘಂಟುಗಳ ಮಾತು ಬೇರೆ. ಒಂದು ಪದ ಹೊರಗೆ ಹೋದರೆ ಯಾರಿಗೂ ನಷ್ಟವಿಲ್ಲ. ನಮ್ಮ ಗಡಿಯಲ್ಲಿ ಎರಡು ಬೇಕೇ ಬೇಕು: ಕನ್ನಡ–ಇಂಗ್ಲಿಷಿಗೆ ಅಲರ್, ಇಂಗ್ಲಿಷ್–ಮಲಯಾಳಕ್ಕೆ ಓಳಂ. ಅಲರ್, ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ಪದಕೋಶ. ಅದನ್ನು 2019ರಲ್ಲಿ ಮುಕ್ತ ದತ್ತಾಂಶವಾಗಿ ಜಾಲಕ್ಕೆ ತಂದವರು ಕೈಲಾಶ್ ನಾಧ್. ಓಳಂ ಕೂಡ ಅವರದೇ. ಕೇರಳದ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಮಲಯಾಳದ ಅರ್ಜಿ ಹಿಡಿದು ಪೆಚ್ಚಾಗಿ ನಿಲ್ಲುವವರು ಇವೆರಡನ್ನೂ ಮೊಬೈಲಿನಲ್ಲಿ ಗುರುತು ಮಾಡಿಟ್ಟುಕೊಳ್ಳಬಹುದು. ಬರೀ ಕ್ಯಾಮೆರಾ ಹಿಡಿದು ಅನುವಾದ ನೋಡುವುದು ಸುಲಭ, ಆದರೆ ‘ತಂಡಪೇರ್’ನಂಥ ಕಂದಾಯ ಪದ ಬಂದಾಗ ಅದು ಹೇಳುವುದನ್ನು ನಾನು ನಂಬುವುದಿಲ್ಲ.

ಮಾಸ್ತರರ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಪರಿವರ್ತಕವು ಶಾಲೆಯ ಹೆಸರಿನಲ್ಲಿ ಇಂಗ್ಲಿಷಿನಲ್ಲಿದ್ದ ‘ಎ.ಯು.ಪಿ.’ಯನ್ನೂ ಕನ್ನಡವೆಂದೇ ತಿಳಿದು ತುಂಡು ತುಂಡು ಅಕ್ಷರ ಮಾಡಿಬಿಟ್ಟಿತ್ತು. ಅದನ್ನು ಕೈಯಿಂದಲೇ ತಿದ್ದಬೇಕಾಯಿತು. ಮರುವಾರ ಇನ್ನೊಂದು ಫೈಲು ತಂದರು: ಶಾಲೆಯಲ್ಲಿ ದುಡಿದ ಅಧ್ಯಾಪಕರ ಪಟ್ಟಿ, ಮಲಯಾಳ ಲಿಪಿಯಲ್ಲಿ. ‘ಕೃಷ್ಣನ್ ಎಂದು ಹುಡುಕಿದರೆ ಇಬ್ಬರು ಸಿಗುತ್ತಾರೆ. ನಾಲ್ವರಿದ್ದರು, ನನಗೆ ಗೊತ್ತಿಲ್ಲವೆ!’

ನಾಲ್ವರೂ ಇದ್ದರು. ಮಲಯಾಳದಲ್ಲಿ ಕೊನೆಯ ‘ನ್’ಗೆ ಚಿಲ್ಲು ಎಂಬ ಪ್ರತ್ಯೇಕ ಅಕ್ಷರವಿದೆ. 2008ರಲ್ಲಿ ಯೂನಿಕೋಡ್ ಅದಕ್ಕೆ 3451 ಎಂಬ ಸ್ವಂತ ಸಂಖ್ಯೆ ಕೊಟ್ಟಿತು. ಅದಕ್ಕೂ ಮುಂಚಿನ ರೀತಿಯಲ್ಲಿ ಟೈಪು ಮಾಡಿದರೆ ಅದೇ ಅಕ್ಷರ ಮೂರು ಸಂಖ್ಯೆಗಳಾಗಿ ಕೂರುತ್ತದೆ: 3368, 3405, ಮತ್ತು ಕಣ್ಣಿಗೆ ಕಾಣದ 8205. ಪರದೆಯ ಮೇಲೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ತಂತ್ರಾಂಶದವರಿಗೆ ಒಂದು ಮಾತು: ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಾಗಿಸುವ ಯೂನಿಕೋಡಿನ ನಾರ್ಮಲೈಸೇಶನ್ ಮಾಡಿದರೂ ಇವು ಒಂದಾಗುವುದಿಲ್ಲ, ಹುಡುಕುವ ಮೊದಲು ನಾವೇ ಬದಲಿಸಬೇಕು. ಬ್ರೌಸರಿನ ಕನ್ಸೋಲಿನಲ್ಲಿ ಹೆಸರನ್ನು ಅಂಟಿಸಿ ಒಂದೊಂದೇ ಅಕ್ಷರದ ಸಂಖ್ಯೆ ಕೇಳಿದರೆ ಅರ್ಧ ನಿಮಿಷದಲ್ಲಿ ಗುಟ್ಟು ಹೊರಬೀಳುತ್ತದೆ. ‘ಹೆಸರು ಸರಿಯಿಲ್ಲ’ ಎಂದು ಅರ್ಜಿಗಳು ಹಟ ಹಿಡಿದಾಗಲೂ ನಾನು ಮೊದಲು ಹುಡುಕುವುದು ಈ ಕಾಣದ ಅಕ್ಷರಗಳನ್ನು.

ಪಟ್ಟಿಯನ್ನು ಕನ್ನಡ ಲಿಪಿಗೆ ತರಲು ಅಕ್ಷರಮುಖ ಎಂಬ ಲಿಪಿ ಪರಿವರ್ತಕವಿದೆ. ತಳದಲ್ಲಿ ಲೆಕ್ಕ ಸರಳ. ಕನ್ನಡದ ‘ಕ’ 3221, ಮಲಯಾಳದ ‘ಕ’ 3349, ವ್ಯತ್ಯಾಸ 128. ಹೆಚ್ಚಿನ ಅಕ್ಷರಗಳಿಗೂ ಇದೇ 128. ತಪ್ಪುವುದು ಕೋಳಿಕ್ಕೋಡಿನ ‘ೞ’ಕಾರದಲ್ಲಿ. ಮಲಯಾಳದಲ್ಲಿ ಅದು 3380, ಕನ್ನಡದಲ್ಲಿ 3252ರಲ್ಲಿ ಇರಬೇಕಿತ್ತು. ‘ಳ’ ಮತ್ತು ‘ವ’ಗಳ ನಡುವೆ ಆ ಮನೆ ಖಾಲಿ ಬಿದ್ದಿದೆ. ನಮ್ಮ ೞ ಹೋಗಿ ಕುಳಿತದ್ದು ದೂರದ 3294ರಲ್ಲಿ, ಅದೂ ‘ಕನ್ನಡ ಅಕ್ಷರ ಎಫ್‌ಎ’ ಎಂಬ ತಪ್ಪು ಹೆಸರಿನಲ್ಲಿ. ತಪ್ಪೆಂದು ಯೂನಿಕೋಡಿನವರೂ ಒಪ್ಪಿ ಪಕ್ಕದಲ್ಲಿ ಸರಿಯಾದ ಹೆಸರು ಬರೆದಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ಕಟ್ಟುಪಾಡು.

ಪಟ್ಟಿಯಲ್ಲಿ ‘ಕೋೞಿಕ್ಕೋಟ್’ ಎಂದು ಬಂದಿತ್ತು. ಪರಿವರ್ತಕ ಬರವಣಿಗೆಯನ್ನು ಹಿಡಿಯುತ್ತದೆ, ಉಚ್ಚಾರವನ್ನಲ್ಲ. ಟಕಾರವನ್ನು ಡಕಾರ ಮಾಡಿ, ೞ ಇದ್ದಲ್ಲೆಲ್ಲ ಳ ಹಾಕಲು ಹೊರಟೆ. ಮಾಸ್ತರರು ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದರು.

‘ನಿಲ್ಲು ಮಾರಾಯ. ಇದು ಪಂಪನ ಕಾಲದ ಅಕ್ಷರ, ಈಗ ಬಂದಿದೆ. ಇದ್ದ ಹಾಗೇ ಅಚ್ಚಾಗಲಿ. ಓದಲು ಬಾರದವರು ನನ್ನಲ್ಲಿಗೆ ಬಂದು ಕೇಳಲಿ.’